ನೆಟ್‌ವರ್ಕ್ ಕೆಡದಂತೆ ಮಾಡಿದವನು

ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಒಂದು ಗೂಡಿತ್ತು. ಒಂದು ಪಕ್ಕ ಒಗೆದ ಬೆಡ್‌ಶೀಟುಗಳ ರಾಶಿ, ಇನ್ನೊಂದು ಪಕ್ಕ ಹಸಿರು ದೀಪ ಮಿಣುಕಿಸುವ ಪೆಟ್ಟಿಗೆಗಳು, ನಡುವೆ ಸ್ಟೂಲಿನ ಮೇಲೆ ಅವನು. ಕಟ್ಟಡದ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವುದು ಆ ಪೆಟ್ಟಿಗೆಗಳ ಮೂಲಕವೇ. ಅವು ಬಾಯಿ ಮುಚ್ಚಿದವೆಂದರೆ ಎಕ್ಸ್‌ರೇ ಚಿತ್ರ ಡಾಕ್ಟರರ ಮೇಜಿಗೆ ಬರುವುದಿಲ್ಲ, ಬಿಲ್ಲಿನ ಕೌಂಟರಿನಲ್ಲಿ ಜಗಳ ನಿಲ್ಲುವುದಿಲ್ಲ. ನರ್ಸುಗಳು ಅವನಿಗೆ ಮೆಟ್ಟಿಲಡಿಯಣ್ಣ ಎಂದು ಹೆಸರಿಟ್ಟಿದ್ದರು. ಆ ಗೂಡಿನಲ್ಲಿ ಸೊಂಟ ಬಗ್ಗಿಸಿ ಬಗ್ಗಿಸಿ ಅವನ ಎತ್ತರವೇ ಇಳಿದುಹೋಗಿ, ಮದುವೆಗೆ ಹೊಲಿಸಿದ ಪ್ಯಾಂಟು ಈಗ ಎದೆಯವರೆಗೆ ಬರುತ್ತಿತ್ತು.

ಹೊಸ ಕಟ್ಟಡದ ನೆಟ್‌ವರ್ಕು ಇನ್ನೊಬ್ಬನ ಕೈಯಲ್ಲಿತ್ತು. ಫೋನೆತ್ತಿದರೆ ಅವನು ಹೇಳುತ್ತಿದ್ದುದು ಒಂದೇ ಮಾತು, "ಬಂದೆ ಬಂದೆ!" ಕೊನೆಗೆ ಅದೇ ಅವನ ಹೆಸರಾಯಿತು. ಅಲ್ಲಿ ದಿನವೂ ಏನಾದರೊಂದು ಕೈಕೊಡುತ್ತಿತ್ತು, ದಿನವೂ ಬಂದೆಬಂದೆ ಹೆಗಲಿಗೆ ವೈರಿನ ಸುರುಳಿ ಏರಿಸಿಕೊಂಡು ಕಾರಿಡಾರಿನ ತುಂಬ ಓಡುತ್ತಿದ್ದ. ಆ ಓಟದ ಗಾಳಿಗೆ ವಾರ್ಡಿನ ರೋಗಿಗಳು ಹೊದಿಕೆ ಕೇಳುತ್ತಿದ್ದರು.

ಒಮ್ಮೆ ಆಡಳಿತ ನೋಡಿಕೊಳ್ಳುವ ಮೇಡಂ ಇಬ್ಬರನ್ನೂ ಕರೆದರು. "ಎರಡೂ ಬಿಲ್ಡಿಂಗಿಗೆ ಸೇರಿ ಒಬ್ಬರು ಹೆಡ್ ಬೇಕು. ಆ ದೊಡ್ಡ ನೆಟ್‌ವರ್ಕಿಂಗ್ ಪರೀಕ್ಷೆ ಇದೆಯಲ್ಲ, ಅದನ್ನ ಪಾಸ್ ಮಾಡಿದೋರಿಗೆ ಮೊದಲ ಅವಕಾಶ."

ಬಂದೆಬಂದೆಗೆ ಅಷ್ಟರಲ್ಲೇ ಫೋನು ಬಂದು, ಅವನು ಓಡಿದ. ಮೆಟ್ಟಿಲಡಿಯಣ್ಣ ಮಾತ್ರ ಆ ಮಾತನ್ನು ಎದೆಗೆ ಕಟ್ಟಿಕೊಂಡು ಮನೆಗೆ ಹೋದ. ಹೆಡ್ ಆಗಬೇಕು, ತನಗೂ ಕೆಲಸ ಗೊತ್ತಿದೆಯೆಂದು ಒಮ್ಮೆಯಾದರೂ ನಾಲ್ಕು ಜನ ಹೇಳಬೇಕು. ಅವನಿಗೆ ಬೇಕಿದ್ದುದು ಇಷ್ಟೇ.

ಗುಜರಿ ಅಂಗಡಿಯಿಂದ ಹಳೇ ನೆಟ್‌ವರ್ಕ್ ಯಂತ್ರಗಳನ್ನು ತಂದು ಊಟದ ಮೇಜಿನ ಮೇಲೆ ಪೇರಿಸಿದ. ಅವುಗಳೊಳಗಿನ ಫ್ಯಾನುಗಳು ತಿರುಗತೊಡಗಿದರೆ ಮಹಡಿಯ ಮೇಲೆ ವಿಮಾನ ಇಳಿದಂತೆ ಸದ್ದು. ನೆರೆಮನೆಯವರು ಸೂಟ್‌ಕೇಸು ಹಿಡಿದು ಬಾಗಿಲಿಗೆ ಬರುವುದೊಂದು ಬಾಕಿ.

"ರೀ, ಈ ವಿಮಾನ ಹಾರೋದು ಯಾವಾಗ? ಹಾರಿದ್ರೆ ತಟ್ಟೆ ಇಡೋಕೆ ಜಾಗ ಆಗುತ್ತೆ," ಎಂದಳು ಹೆಂಡತಿ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಾ.

ಅತ್ತೆಗೆ ಮಾತ್ರ ಅದರಿಂದ ಲಾಭವಿತ್ತು. ಯಂತ್ರಗಳ ಬೆನ್ನಿಂದ ಬರುವ ಬಿಸಿಗಾಳಿಗೆ ಅವರು ಬಟ್ಟೆ ಒಣಹಾಕುತ್ತಿದ್ದರು. "ಅಳಿಯಂದಿರೇ, ಇನ್ನೂ ಸ್ವಲ್ಪ ಹೊತ್ತು ಓದಿ. ಈ ಟವೆಲ್ ಒಣಗಿಲ್ಲ."

ಓದಲು ಕೂತರೆ ಸಾಕು, ಆಸ್ಪತ್ರೆಯಿಂದ ಫೋನು. ಬಿಲ್ಲಿಂಗ್ ನಿಂತಿದೆ, ಲ್ಯಾಬಿನ ರಿಪೋರ್ಟು ಹೋಗುತ್ತಿಲ್ಲ. ಬೇಸತ್ತು, ಓದಿದ್ದನ್ನೆಲ್ಲ ಹಳೇ ಕಟ್ಟಡದ ಮೇಲೇ ಪ್ರಯೋಗಿಸಿದ. ಪ್ರತಿ ವಾರ್ಡಿಗೂ ಒಂದರ ಬದಲು ಎರಡು ದಾರಿ ಹಾಕಿದ. ಒಂದು ವೈರು ಕಡಿದರೆ ಇನ್ನೊಂದು ತಾನಾಗಿ ಕೆಲಸ ಹೊತ್ತುಕೊಳ್ಳಬೇಕು, ಯಾರಿಗೂ ಸುಳಿವು ಹತ್ತಬಾರದು. ಅಂದಿನಿಂದ ಫೋನು ಬಂದ್. ಗೂಡಿನ ಫೋನಿನ ರಿಸೀವರಿನಲ್ಲಿ ಜೇಡ ಬಲೆ ಹೆಣೆದು, ಮರಿಮಾಡಿ, ಮೊಮ್ಮಕ್ಕಳನ್ನೂ ಕಂಡಿತು. ಮೆಟ್ಟಿಲಡಿಯಣ್ಣ ನೆಮ್ಮದಿಯಾಗಿ ಓದಿದ.

ಆದರೂ ಮೊದಲ ಸಲ ಫೇಲಾದ. ಪರೀಕ್ಷೆಯೆಂದರೆ ದಿನವಿಡೀ ಕೂತು, ಎಲ್ಲೋ ದೂರವಿರುವ ಯಂತ್ರಗಳಿಗೆ ಇಲ್ಲಿಂದಲೇ ಆಜ್ಞೆ ಕೊಡುವುದು. ಸುರಕ್ಷತೆಯ ಹುರುಪಿನಲ್ಲಿ ಬೇಡದ ದಾರಿಗಳನ್ನೆಲ್ಲ ಮುಚ್ಚುತ್ತಾ ಹೋದವನು, ತಾನು ಆ ಯಂತ್ರದೊಳಕ್ಕೆ ಹೊಕ್ಕಿದ್ದ ದಾರಿಯನ್ನೂ ಮುಚ್ಚಿಬಿಟ್ಟ. ಯಂತ್ರ ಭದ್ರವಾಯಿತು, ಇವನು ಹೊರಗೆ ಬಿದ್ದ. ಉಳಿದ ಹೊತ್ತೆಲ್ಲ ಪರದೆ ನೋಡುತ್ತಾ ಕೂತಿದ್ದು ಎದ್ದುಬಂದ.

"ನಮ್ಮ ಮನೆ ಬಾಗಿಲಾದರೂ ತೆರೆದಿದೆ, ಬನ್ನಿ," ಎಂದಳು ಹೆಂಡತಿ. ಅವಳು ನಗಲಿಲ್ಲ.

ಮತ್ತೆ ಓದಿದ. ಕನಸಿನಲ್ಲೂ ಆಜ್ಞೆಗಳನ್ನು ಬಡಬಡಿಸಿದ. ಎರಡನೇ ಸಲ ಪಾಸಾದ! ಅಂಥ ಪರೀಕ್ಷೆ ಗೆದ್ದವರು ಊರಿಗೊಬ್ಬರಿದ್ದರೆ ಹೆಚ್ಚು. ಮರುದಿನ ಆಸ್ಪತ್ರೆಗೆ ಹೋಗುವಾಗ ನೆಲಕ್ಕೆ ಕಾಲು ತಾಗಲಿಲ್ಲ. ಚಪ್ಪಲಿ ಇನ್ನೂ ಹೊಸದಾಗೇ ಇರಬೇಕು.

ಮೇಡಂ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ತುಂಬಾ ಸಂತೋಷ."

"ಮತ್ತೆ... ಆ ಹೆಡ್ ವಿಷಯ, ಮೇಡಂ?"

"ಅದನ್ನ ಹೋದ ವಾರವೇ ಅವರಿಗೆ ಕೊಟ್ಟಾಯ್ತಲ್ಲ."

"ಬಂದೆಬಂದೆಗಾ? ಅವನು ಪರೀಕ್ಷೆಗೆ ಕೂತೇ ಇಲ್ಲ!"

"ಕೂರೋಕೆ ಪುರುಸೊತ್ತೆಲ್ಲಿದೆ ಪಾಪ? ನಾನೇ ದಿನಾ ನೋಡ್ತೀನಿ, ಊಟದ ಡಬ್ಬಿ ಕೈಯಲ್ಲಿ ಹಿಡ್ಕೊಂಡೇ ಓಡ್ತಿರ್ತಾರೆ. ಡಾಕ್ಟರುಗಳೆಲ್ಲ ಅವರ ಹೆಸರೇ ಹೇಳಿದ್ರು. ನಿಮ್ಮ ಬಿಲ್ಡಿಂಗಿಂದ ಒಂದು ಕಂಪ್ಲೇಂಟೂ ಇಲ್ಲ. ಅಲ್ಲಿ ಅಂಥಾ ಕೆಲಸ ಏನೂ ಇಲ್ಲ ಅಂತ ಎಲ್ಲರಿಗೂ ಗೊತ್ತು."

"ಕಂಪ್ಲೇಂಟ್ ಬರದ ಹಾಗೆ ಮಾಡಿದ್ದು ನಾನು, ಮೇಡಂ."

"ಹೌದಾ? ಒಳ್ಳೇದೇ ಆಯ್ತು, ನಿಮಗೆ ಬಿಡುವಿದೆ. ನಾಳೆಯಿಂದ ಅವರ ಕೈಕೆಳಗೆ ಹೊಸ ಬಿಲ್ಡಿಂಗೂ ನೋಡ್ಕೊಳ್ಳಿ."

ಅವನು ಗೂಡಿಗೆ ಬಂದ. ತಾನಿಲ್ಲದಿದ್ದರೆ ಏನಾಗುತ್ತದೆಂದು ತೋರಿಸಿಯೇ ಬಿಡುತ್ತೇನೆಂದು ಎಕ್ಸ್‌ರೇ ಕೋಣೆಗೆ ಹೋಗುವ ವೈರನ್ನು ಹಿಡಿದು ಕಿತ್ತ. ಒಂದು ದೀಪ ಆರಿತು. ಅವನು ರೆಪ್ಪೆ ಬಡಿಯುವಷ್ಟರಲ್ಲಿ ಪಕ್ಕದ ದೀಪ ಚುರುಕಾಗಿ ಮಿಣುಕತೊಡಗಿತು. ಮೇಲಿನ ಎಕ್ಸ್‌ರೇ ಕೋಣೆಯಿಂದ ಕೂಗು ಕೇಳಿಸಿತು: "ಮುಂದಿನವರು ಬನ್ನಿ!" ಫೋನನ್ನೇ ದಿಟ್ಟಿಸುತ್ತಾ ಕೂತ. ಅದು ಹೊಡೆದುಕೊಳ್ಳಲಿಲ್ಲ.

ಎರಡನೇ ವೈರಿಗೆ ಕೈ ಹಾಕಿದ. ಅದನ್ನೂ ಕಿತ್ತರೆ ಇಡೀ ಕಟ್ಟಡ ಅವನ ಹೆಸರು ಹಿಡಿದು ಕೂಗುತ್ತದೆ. ಅವನೂ ಮೆಟ್ಟಿಲುಗಳನ್ನು ಹಾರಿ ಹಾರಿ ಓಡಬಹುದು, ಮೇಡಂ ನೋಡುತ್ತಾರೆ. ಆದರೆ ಮೇಲೆ ಯಾರದೋ ಮುರಿದ ಮೂಳೆಯ ಚಿತ್ರ ಆ ವೈರಿನಲ್ಲೇ ಹೋಗುತ್ತಿತ್ತು. ಕೀಳಲು ಮನಸ್ಸು ಬರಲಿಲ್ಲ.

ಬೆಡ್‌ಶೀಟಿಗೆಂದು ಬಂದ ನರ್ಸು ಕೇಳಿದಳು, "ಏನಣ್ಣ, ವೈರ್ ಹಿಡ್ಕೊಂಡು ಸುಮ್ಮನೆ ಕೂತಿದ್ದೀರಾ? ಏನಾದ್ರೂ ಕೆಟ್ಟಿದೆಯಾ?"

"ಇಲ್ಲಮ್ಮ," ಎಂದ ಅವನು. "ಇಲ್ಲಿ ಏನೂ ಕೆಡಲ್ಲ."

ಕಿತ್ತಿದ್ದ ವೈರನ್ನು ಅದರ ಜಾಗಕ್ಕೇ ಚುಚ್ಚಿ, ಹೊಸ ಹೆಡ್ ಸಾಹೇಬರ ಅಪ್ಪಣೆ ಕೇಳಲು ಎದ್ದು ಹೋದ.