ಎಂಟು ದಿನದ ಕನ್ನಡಿ

ಅಗಸಿ ಎಣ್ಣೆಯ ವಾಸನೆ. ಹೋದ ವಾರ ಸಿಂದಗಿಯಲ್ಲಿ, ಹಳೆಯ ಸಾಮಾನು ಮಾರುವ ಅಂಗಡಿಯೊಂದರ ಹೊಸ್ತಿಲು ದಾಟುತ್ತಲೇ ಅದು ಮೂಗಿಗೆ ಬಡಿಯಿತು. ಸಾಗವಾನಿ ಚೌಕಟ್ಟುಗಳಿಗೆ ಎಣ್ಣೆ ತಿಕ್ಕಿ ಒಣಗಲು ಇಟ್ಟಿದ್ದರು. ಮೂವತ್ತು ವರ್ಷದ ಮೇಲಾಗಿತ್ತು ಆ ವಾಸನೆ ನನಗೆ ಬಂದು...

ಮಗಳು ಇಂಡಿಯಲ್ಲಿ ಮನೆ ಕಟ್ಟಿಸಿದ್ದಾಳೆ. ಪಡಸಾಲೆಗೆ ಹಳೇ ಕಾಲದ ಕನ್ನಡಿಯೇ ಬೇಕಂತೆ. ಹೊಸ ಮನೆಗೆ ಹಳೆಯ ಕನ್ನಡಿ ಏಕೆ ಎಂದು ನಾನು ಕೇಳಲಿಲ್ಲ; ಕೇಳಿದರೆ ಫೋನು ತೆಗೆದು ನಲವತ್ತು ಚಿತ್ರ ತೋರಿಸುತ್ತಾಳೆ. ವಿಜಯಪುರದಲ್ಲಿ ಎರಡು ಅಂಗಡಿ ನೋಡಿದೆವು, ಚಡಚಣದಲ್ಲಿ ಒಂದು, ಈಗ ಇದು. ನನ್ನ ಮೊಣಕಾಲುಗಳು ಬೆಳಿಗ್ಗೆಯೇ ಕೈ ಚೆಲ್ಲಿದ್ದವು. ಆದರೂ ಮಗಳು ಮೆಚ್ಚಿದ ಕನ್ನಡಿಯ ಮುಂದೆ ನಿಂತಾಗ ನನ್ನ ಕೈ ತಾನಾಗಿಯೇ ಕೈಚೀಲದಿಂದ ಬಿಳಿ ಕರವಸ್ತ್ರ ತೆಗೆದು ಗಾಜಿಗೆ ಹಿಡಿಯಿತು. ಕೈಯಲ್ಲಿದ್ದ ಬಿಳುಪು, ಗಾಜಿನೊಳಗಿನ ಬಿಳುಪು ಎರಡೂ ಒಂದೇ.

"ಚೌಕಟ್ಟ ಹಳೀದೈತಿ, ಗಾಜು ಹೊಸಾದು" ಎಂದೆ.

ಅಂಗಡಿಯವನು ನಕ್ಕ. "ಯಾರ್ ಕಲಿಸ್ಯಾರ್ರಿ ಅಕ್ಕಾರ ನಿಮಗಿದನ್ನ?"

ಒಂದು ಸ್ಟೂಲು ಕೇಳಿ ಕುಳಿತುಬಿಟ್ಟೆ.

ಕಲಿಸಿದವರು ಬಸವನ ಬಾಗೇವಾಡಿಯ ಕಾಕಾ. ಸಂಬಂಧದಲ್ಲಿ ಏನೂ ಅಲ್ಲ. ನಮ್ಮವರಿಗೆ ಅಲ್ಲಿಗೆ ವರ್ಗವಾದಾಗ ನಾವು ಹಿಡಿದ ಬಾಡಿಗೆ ಮನೆಯಿಂದ ಮೂರು ಬಾಗಿಲು ಆಚೆ ಅವರ ಅಂಗಡಿ. ಎತ್ತರದ ಆಳು, ಯಾವಾಗಲೂ ಬಿಳಿ ಧೋತರ, ಕೈಯಲ್ಲಿ ಎಣ್ಣೆ ಅರಿವೆ. ಸಾಲೋಟಗಿಯಲ್ಲೋ ಅಗರಖೇಡದಲ್ಲೋ ಹಳೆಯ ವಾಡೆ ಕೆಡವುತ್ತಾರೆಂದು ಸುದ್ದಿ ಬಂದರೆ ಮೊದಲ ಬಸ್ಸಿಗೇ ಹೊರಡುತ್ತಿದ್ದರು. ಬಾಗಿಲು, ಕಂಬ ಬೇರೆಯವರು ಒಯ್ಯಲಿ, ಅವರಿಗೆ ಕನ್ನಡಿ ಸಿಕ್ಕರೆ ಸಾಕು. ಊಟ ಬಿಟ್ಟಾರು, ಕನ್ನಡಿ ಬಿಡುವವರಲ್ಲ.

ನನಗೆ ಆಗ ಇಪ್ಪತ್ತನಾಲ್ಕು. ಮಧ್ಯಾಹ್ನ ಹೊತ್ತು ಹೋಗದೆ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ಧೋತರದ ಚುಂಗು ಗಾಜಿಗೆ ಹಿಡಿದು ತೋರಿಸುತ್ತಿದ್ದರು. ಹಳೆಯ ಗಾಜಿನಲ್ಲಿ ಬಿಳುಪು ಸ್ವಲ್ಪ ಮಬ್ಬಾಗಿ, ಹೊಗೆ ಹಿಡಿದ ಹಾಗೆ ಕಾಣಬೇಕು. ಮಗ್ಗುಲಿಗೆ ನಿಂತು ನೋಡಿದರೆ ಎದುರಿನ ಗೋಡೆ ತುಸು ತೇಲಾಡಬೇಕು. ಬೆನ್ನಿನ ಹಲಗೆ ತಿರುಗಿಸಿ ಮೊಳೆ ಹಳೆಯವೇ ಎಂದು ನೋಡಬೇಕು. ಅಂಚಿನಿಂದ ಒಳಗೆ ಬಂದ ಕಪ್ಪು ಚುಕ್ಕೆಗಳಿಗೆ ಹೆದರಬಾರದು.

"ಮಂದಿ ಕಲಿ ನೋಡಿ ಬ್ಯಾಡ ಅಂತಾರ, ತಂಗಿ. ನಾ ಕಲಿ ನೋಡೇ ತಗೊಂತೇನಿ" ಎನ್ನುತ್ತಿದ್ದರು. ಕಲೆ ಅವರ ಬಾಯಲ್ಲಿ ಕಲಿ.

ಅವರ ವ್ಯಾಪಾರದ ರೀತಿಯೇ ಬೇರೆ. ಕನ್ನಡಿ ಬೇಕೆಂದವರ ಮನೆಗೆ ತಾವೇ ಹೋಗಿ ಗೋಡೆ ನೋಡುತ್ತಿದ್ದರು. ತಲೆಬಾಗಿಲಿಗೆ ಎದುರು ಬೇಡ, ಒಲೆಯ ಹೊಗೆ ಬರುವಲ್ಲಿ ಬೇಡ, ತೇವ ಹಿಡಿದ ಗೋಡೆಗಂತೂ ಬೇಡವೇ ಬೇಡ. ಆಮೇಲೆ ತಾವೇ ತೂಗುಹಾಕಿ, ಎಂಟು ದಿನ ಇರಲಿ ಎಂದು ಹೇಳಿ ಬರುತ್ತಿದ್ದರು. ಎಂಟನೆಯ ದಿನದ ತನಕ ಅದು ಮಾರಿದ್ದೂ ಅಲ್ಲ, ಕೊಂಡದ್ದೂ ಅಲ್ಲ. ಆ ದಿನ ಹೋಗಿ ಕೇಳುವುದು, ಮನೆಯವರು ಹ್ಞೂಂ ಅಂದರೆ ಬಿಟ್ಟು ಬರುವುದು, ಇಲ್ಲವಾದರೆ ಹೊತ್ತು ತರುವುದು.

ನನಗೂ ಒಂದು ಕನ್ನಡಿ ಬೇಕು ಎಂದು ನಾಲ್ಕು ತಿಂಗಳು ಅವರ ಜೀವ ತಿಂದಿದ್ದೆ. ಒಂದನ್ನು ತೋರಿಸುವುದು, ಇದು ನಿನಗೆ ಬೇಡ ಎಂದು ತಾವೇ ಒಳಗಿಡುವುದು. ಕಡೆಗೆ ಒಂದು ಬೆಳಿಗ್ಗೆ ಕೌದಿಯಲ್ಲಿ ಸುತ್ತಿದ ಕನ್ನಡಿಯನ್ನು ಹೆಗಲ ಮೇಲೆ ಹೊತ್ತು ಬಂದರು. ಅಂಗಡಿಯಲ್ಲಿ ನಾನು ಎಂದೂ ಕಾಣದ ಕನ್ನಡಿ. ಕಮಾನಿನ ತಲೆ, ಅದರ ಮೇಲೆ ಕೊಕ್ಕಿಗೆ ಕೊಕ್ಕು ಕೊಟ್ಟ ಎರಡು ಗಿಳಿ. ಗೋಡೆಗೆ ಹಾಕಿದ ಮೇಲೆ ಕಾಕಾ ನೀರು ಕೇಳಿ ಕುಡಿದರು, ಹೋಗದೆ ಸುಮಾರು ಹೊತ್ತು ನಿಂತರು.

"ಎಂಟ ದಿನ ಇರ್ಲಿ, ತಂಗಿ. ನೋಡೂಣು" ಎಂದರು.

ಚೌಕಟ್ಟು ನೋಡಿ ನಾನು ಕುಣಿದಾಡಿದೆ. ಗಾಜು ಮಾತ್ರ ಮನಸ್ಸಿಗೆ ಬರಲಿಲ್ಲ. ಅಂಚೆಲ್ಲ ಕಪ್ಪು ಚುಕ್ಕೆ. ಅದಕ್ಕಿಂತ ಹೆಚ್ಚಾಗಿ ಕೆಳಗಿನ ಬಲ ಮೂಲೆಯಲ್ಲಿ ಬೆರಳಗಲದ ಕಂದುಗೆಂಪು ಕಲೆ, ಒಣಗಿ ಗಟ್ಟಿಯಾದದ್ದು. ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ, ಸೀಗೆಪುಡಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ಭಾನುವಾರ ನಾದಿನಿಯರು ಬರುವವರಿದ್ದರು. ಕಲೆ ಬಿದ್ದ ಕನ್ನಡಿ ನೋಡಿ ಅವರು ಮುಸಿ ಮುಸಿ ನಕ್ಕರೆ? ನಾಲ್ಕು ತಿಂಗಳು ಕಟ್ಟೆಯ ಮೇಲೆ ಕುಳಿತು ಕಲಿತದ್ದೆಲ್ಲ ಆ ಒಂದು ಯೋಚನೆಗೆ ಮರೆತುಹೋಯಿತು. ಹೇಗೂ ಇದನ್ನು ನಾನು ಬಿಡುವುದಿಲ್ಲ, ಇನ್ನು ಇದು ನನ್ನದೇ ಎಂದುಕೊಂಡೆ. ಐದನೆಯ ದಿನ ಪೇಟೆಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವವನ ಬಳಿ ಒಯ್ದು ಗಾಜು ಬದಲಿಸಿಕೊಂಡು ಬಂದೆ. ಹಳೆಯ ಗಾಜನ್ನು ಅವನು ನನ್ನ ಕಣ್ಣೆದುರೇ ನಾಲ್ಕು ತುಂಡು ಮಾಡಿ ಡಬ್ಬಿಗೆ ಹಾಕಿದ. ನನಗೆ ಏನೂ ಅನ್ನಿಸಲಿಲ್ಲ. ಭಾನುವಾರ ನಾದಿನಿಯರು ಕನ್ನಡಿಯನ್ನು ಹೊಗಳಿದ್ದೇ ಹೊಗಳಿದ್ದು.

ಎಂಟನೆಯ ದಿನ ಕಾಕಾ ಬಂದರು. ಅದೇ ಕೌದಿ ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದರು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತು, ನನ್ನ ಮುಖ ನೋಡದೆ ಮಾತಾಡಿದರು.

"ತಪ್ಪ ತಿಳ್ಕೋಬ್ಯಾಡ, ತಂಗಿ. ಅದು ನಮ್ಮ ಮನ್ಯಾಕಿ ಕನ್ನಡಿ. ಆಕಿ ಹೋಗಿ ಎರಡ ವರ್ಷ ಆತು. ಮನ್ಯಾಗ ಇಟ್ಕೊಂಡು ನೋಡಾಕ ಆಗವಲ್ದು, ಯಾರಿಗರೆ ಕೊಡಾಕೂ ಆಗವಲ್ದು. ನಿಮ್ಮ ಮನ್ಯಾಗ ಎಂಟ ದಿನ ಇಟ್ಟು ನೋಡೂಣು ಅಂದೆ. ನನ್ನ ಕಡಿಂದ ಆಗೂದಿಲ್ಲ. ಹೊಳ್ಳಿ ಒಯ್ತೇನಿ, ನಿನಗ ಬ್ಯಾರೇದ ತಂದ್ಕೊಡ್ತೇನಿ."

ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗೆ ಬಂದು ಕನ್ನಡಿಯ ಮುಂದೆ ನಿಂತಿದ್ದರು. ಧೋತರದ ಚುಂಗು ಹಿಡಿದು ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ. ಬಗ್ಗಿ ಕೆಳಗಿನ ಬಲ ಮೂಲೆಗೆ ಬೆರಳು ಇಟ್ಟರು.

"ಮೇಣ ಹಚ್ಚಿ ಕುಂಕುಮ ಇಟ್ಕೊಂಡು, ಬೆರಳಿಗೆ ಉಳದದ್ದನ್ನ ಇಲ್ಲೇ ಒರಸ್ತಿದ್ಲು" ಎಂದರು. "ಹೊಲಸ ಮಾಡ್ತೀ ಅಂತ ದಿನಾ ಬೈತಿದ್ದೆ."

ನಾನು ಗಾಜು ಬದಲಿಸಿದ್ದನ್ನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ... ಅವರು ಕೇಳಿದ್ದು ಒಂದೇ ಮಾತು, ಹಳೇ ಗಾಜು ಎಲ್ಲಿ ಎಂದು. ಇಬ್ಬರೂ ಕಟ್ಟು ಹಾಕುವವನ ಅಂಗಡಿಗೆ ಹೋದೆವು. ಡಬ್ಬಿ ಹಿಂದಿನ ದಿನವೇ ಖಾಲಿಯಾಗಿತ್ತು. ಗಾಜಿನ ಚೂರೆಲ್ಲ ಊರ ಹೊರಗಿನ ತಿಪ್ಪೆಗೆ ಸುರಿಯುತ್ತೇವೆ ಎಂದು ಅವನು ಹೇಳಿದ. ನನಗೆ ಮನೆಗೆ ಹೋಗಲು ಹೇಳಿ ಕಾಕಾ ಒಬ್ಬರೇ ಆ ಕಡೆ ನಡೆದರು.

ಮಧ್ಯಾಹ್ನ ಇಳಿದ ಮೇಲೆ ನಮ್ಮ ಬಾಗಿಲ ಮುಂದೆ ಹಾದು ಬಂದರು. ಕೌದಿ ಮಡಚಿದ್ದು ಮಡಚಿದ ಹಾಗೆಯೇ ಹೆಗಲ ಮೇಲಿತ್ತು. ಬಲಗೈ ಬೆರಳುಗಳಿಗೆ ಧೋತರದ ಚುಂಗು ಒತ್ತಿ ಹಿಡಿದಿದ್ದರು, ಚುಂಗು ಕೆಂಪಾಗಿತ್ತು.

"ಇನ್ನ ಅದು ನಿಂದ, ತಂಗಿ. ಇಟ್ಕೋ" ಎಂದರು, ನಿಲ್ಲಲಿಲ್ಲ.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಮಾತು ಬಿಡಲಿಲ್ಲ, ಕಂಡಾಗ ಊಟ ಆಯಿತೇ ಎಂದು ಕೇಳುತ್ತಲೇ ಇದ್ದರು. ಕಟ್ಟೆಗೆ ಹೋಗುವುದನ್ನು ನಾನೇ ಬಿಟ್ಟೆ. ಒಮ್ಮೆ ಎದುರು ಮನೆಗೆ ಕನ್ನಡಿ ಹಾಕಲು ಬಂದಾಗ ಅವರ ದನಿ ನಮ್ಮ ಅಡುಗೆಮನೆಯ ತನಕ ಕೇಳಿತು. ಎಂಟು ದಿನದ ಮಾತಿಗೆ ಈಗ ಬಾಲ ಒಂದು ಸೇರಿತ್ತು. "ಎಂಟ ದಿನ ಅದಕ್ಕೇನೂ ಮಾಡಬ್ಯಾಡ್ರಿ. ಒರಸಾಕೂ ಹೋಗಬ್ಯಾಡ್ರಿ." ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಮರುವರ್ಷ ಮುದ್ದೇಬಿಹಾಳಕ್ಕೆ ವರ್ಗವಾಯಿತು, ಇಲ್ಲಿಯೇ ನೆಲೆ ನಿಂತೆವು. ತಪ್ಪಾಯಿತು ಕಾಕಾ ಎಂಬ ಎರಡೇ ಶಬ್ದ ಹೇಳಲು ಒಮ್ಮೆ ಹೋಗಬೇಕು ಎಂದುಕೊಂಡೇ ವರ್ಷಗಳು ಕಳೆದವು. ಬಸ್ಸಿಗೆ ಹತ್ತಿದರೆ ಒಂದು ಹೊತ್ತಿನ ದಾರಿ. ಕಡೆಗೆ ಒಂದು ಮದುವೆಯಲ್ಲಿ, ಆ ಊರಿನವರೊಬ್ಬರು ಊಟದ ನಡುವೆ ಹೇಳಿದರು, ಕಾಕಾ ತೀರಿಕೊಂಡು ಬಹಳ ದಿನವಾಯಿತು, ಅಂಗಡಿಯೂ ಇಲ್ಲ ಎಂದು...

ಸಿಂದಗಿಯಲ್ಲಿ ಮಗಳು ಏನೂ ಕೊಳ್ಳಲಿಲ್ಲ. ನನ್ನನ್ನು ಬಿಡಲು ಮುದ್ದೇಬಿಹಾಳದ ಮನೆಗೆ ಬಂದವಳು ಒಳಕೋಣೆಗೆ ಹೋದಳು, ಅಲ್ಲಿಂದಲೇ ಕೂಗಿದಳು. "ಅವ್ವಾ, ಊರೆಲ್ಲಾ ಯಾಕ ತಿರಗಾಕತ್ತೇವಿ? ಗಿಳಿ ಕನ್ನಡಿ ಇಲ್ಲೇ ಐತಲ್ಲ. ನೋಡ, ಎಷ್ಟ ಚಂದ ಕಲಿ ಬಿದ್ದಾವು."

ಹುಟ್ಟಿದಾಗಿನಿಂದ ನೋಡಿದ ಸಾಮಾನು ಅವಳಿಗೆ ಈಗ ಹಳೆಯದಾಗಿ ಕಂಡಿತ್ತು. ನಾನು ಹಾಕಿಸಿದ ಗಾಜಿನ ಅಂಚೂ ಈಗ ಕಪ್ಪಾಗಿದೆ. ಅದು ಹಳೆಯ ಗಾಜಲ್ಲ ಎಂದು ಹೇಳಿ, ಮಂಚದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಫೋನು ಕೆಳಗಿಟ್ಟು ಕೇಳಿದಳು. ಆಮೇಲೆ ಮೆಲ್ಲಗೆ, ಆದರೂ ಒಯ್ಯುತ್ತೇನೆ ಎಂದಳು.

"ಒಯ್ಯಿ" ಎಂದೆ. "ಎಂಟ ದಿನ ಅದಕ್ಕೇನೂ ಮಾಡಬ್ಯಾಡ. ಒರಸಾಕೂ ಹೋಗಬ್ಯಾಡ."

ಹೇಳಿದ ಮೇಲೆ, ಕೌದಿ ಸುತ್ತುವ ಮೊದಲು, ನಾನೇ ಬಗ್ಗಿ ಕೆಳಗಿನ ಬಲ ಮೂಲೆ ನೋಡಿದೆ. ಒರೆಸಲು ಅಲ್ಲಿ ಏನೂ ಇರಲಿಲ್ಲ.