ಎದ್ದು ನಿಲ್ಲುವ ಸರದಿ

ನಾಂಪಲ್ಲಿಯ ಒಂದು ಬಾಡಿಗೆ ಸಭಾಂಗಣದಲ್ಲಿ, ತೆಲುಗು ನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡ ಬಳಗ ವರ್ಷಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಅಣಕು ನಾಟಕ ಆಡುತ್ತದೆ. ಅದರ ಹಾಡುಗಳನ್ನು ಬರೆಯುವವನು ನಾನು. ಬಳಗದವರ ಕಾಲೆಳೆಯುವುದೇ ಇಪ್ಪತ್ತೆರಡು ವರ್ಷಗಳಿಂದ ನನ್ನ ಕಸುಬು. ಹಾಡಿನಲ್ಲಿ ಹೆಸರು ಹೇಳುವಂತಿಲ್ಲ. ಯಾರ ಮೇಲಿನ ಹಾಡೋ ಅವರೇ ಗುರುತಿಸಿಕೊಂಡು, ಎದ್ದು ನಿಂತು ಕೈಮುಗಿಯಬೇಕು. ಆಗ ಸಭೆಯೆಲ್ಲ ಚಪ್ಪಾಳೆ. ಸಿಟ್ಟಾಗುವುದಿರಲಿ, "ಈ ಸಲಾನೂ ನಮ್ಮನ್ನ ಬಿಟ್ರಲ್ರೀ" ಎಂದು ಮುನಿಸಿಕೊಳ್ಳುವವರೇ ಹೆಚ್ಚು.

ನನ್ನನ್ನು ಮಾತ್ರ ಯಾರೂ ಅಣಕಿಸಿಲ್ಲ. ಬರೆಯುವವನು ನಾನೊಬ್ಬನೇ ಇರುವಾಗ ಇನ್ಯಾರು ಬರೆದಾರು? ಪರದೆಯ ಮರೆಯಲ್ಲಿ ನಿಂತು, ಮರೆತ ನಟರಿಗೆ ಸಾಲು ಹೇಳಿಕೊಡುತ್ತಾ ಬೇರೆಯವರ ಚಪ್ಪಾಳೆ ಕೇಳುವುದಷ್ಟೇ ನನ್ನ ಪಾಲು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ನನ್ನನ್ನು ಆಡಿಕೊಂಡು ನಗುವವರಿಲ್ಲ. ಒಮ್ಮೆಯಾದರೂ ಜನ ನನ್ನನ್ನು ಗುರುತಿಸಿ ನಗಬೇಕು ಎಂಬ ಆಸೆ ನನಗೆ ಹುಚ್ಚು ಹಿಡಿಸಿತ್ತು.

ಈ ವರ್ಷ ನಾಚಿಕೆ ಬಿಟ್ಟು ನನ್ನ ಮೇಲೆ ನಾನೇ ಬರೆದೆ. ಮಿಯಾಪುರದ ಮೆಟ್ರೋದಲ್ಲಿ ಒಬ್ಬ ಮುದುಕ. ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಧ್ವನಿವರ್ಧಕದ ಹೆಣ್ಣುದನಿ ತೆಲುಗಿನಲ್ಲಿ ಹೇಳಿದರೆ, ಇವನು ಕನ್ನಡದಲ್ಲಿ "ಆತವ್ವಾ, ಇಳೀತೀನಿ" ಎನ್ನುತ್ತಾನೆ. ಇಡೀ ದಿನಕ್ಕೆ ಅವನಾಡುವ ಕನ್ನಡ ಅಷ್ಟೇ.

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಪರದೆ ಸರಿಸಿ ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ನಿವೃತ್ತ ಗುಮಾಸ್ತರೊಬ್ಬರು ಎದ್ದು ಕೈಮುಗಿದರು. ಚಪ್ಪಾಳೆಯೆಲ್ಲ ಅವರ ಪಾಲಾಯಿತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಾಟಕ ಮುಗಿದ ಮೇಲೆ ಅವರು ಪರದೆಯ ಹಿಂದೆ ಬಂದು ನನ್ನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು.

"ನಿಮಗ ಯಾರ್ ಹೇಳಿದ್ರೀ? ನಾ ಮೆಟ್ರೋದಾಗ ಆಕೀ ಜೋಡಿ ಮಾತಾಡೂದು ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ. ಮನ್ಯಾಗ ಒಬ್ಬಾವನ ಇರ್ತೀನ್ರಿ. ಇವತ್ತ ಭಾಳ ಹಗುರ ಆತು ನೋಡ್ರಿ."

ಆ ಮುದುಕ ನಾನು ಎಂಬ ಮಾತು ಬಾಯಿಯ ತನಕ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

"ಸುಮ್ನ ಊಹೆ ಮಾಡಿ ಬರದೆ ರೀ," ಎಂದೆ.

ಮಧ್ಯಾಹ್ನ ಒಬ್ಬನೇ ಮೆಟ್ರೋ ಹತ್ತಿದೆ. ಮಿಯಾಪುರ ಬಂತು. ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಆಕೆ ಎಂದಿನಂತೆ ಹೇಳಿದಳು. ಉತ್ತರ ಕೊಡಲು ಬಾಯಿ ತೆರೆದವನು ಸುಮ್ಮನಾದೆ. ಆ ಮಾತನ್ನು ಬೆಳಿಗ್ಗೆಯೇ ಆ ಗುಮಾಸ್ತರಿಗೆ ಕೊಟ್ಟಾಗಿತ್ತು. ಆ ದಿನ ಆಕೆಯೊಂದಿಗೆ ಒಂದು ಮಾತೂ ಆಡದೆ ಇಳಿದು ಮನೆಗೆ ಹೋದೆ.