ಅಲ್ಪವಿರಾಮನ ಉಯಿಲು

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವವನನ್ನು ನಾವೆಲ್ಲ ‘ಅಲ್ಪವಿರಾಮ’ ಎಂದೇ ಕರೆಯುವುದು. ಎದುರಿಗೇ ಕರೆಯುತ್ತೇವೆ, ಅವನಿಗೇನೂ ಬೇಸರವಿಲ್ಲ. ಬೇರೆಯವರ ಬರಹದಲ್ಲಿ ಎಲ್ಲೆಂದರಲ್ಲಿ ಅಲ್ಪವಿರಾಮ ಹಾಕುವುದು ಅವನ ಚಟ. ಮಾತೂ ಹಾಗೆಯೇ, ಅವನು ಶುರು ಮಾಡಿದ ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಲೋಟದ ಟೀ ಆರಿ ತಣ್ಣಗಾಗಿರುತ್ತದೆ. ನಾನು ಟೈಪ್ ಮಾಡುವವಳು, ಅವನು ನನ್ನ ತಪ್ಪು ಹಿಡಿಯುವವನು. ಹನ್ನೆರಡು ವರ್ಷದಿಂದ ಅಕ್ಕಪಕ್ಕದ ಕುರ್ಚಿಯಲ್ಲಿ ಜಗಳವಾಡಿಕೊಂಡೇ ಬಂದಿದ್ದೇವೆ.

ತಪ್ಪು ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಆದರೆ ತಾನು ಅಡ್ಡಗೆರೆ ಎಳೆದು ಹೊಡೆದು ಹಾಕಿದ ಪದವನ್ನೇ ಮತ್ತೆ ಐದು ನಿಮಿಷ ದಿಟ್ಟಿಸುತ್ತಾನೆ. ಪಾಪ, ಅದು ಸರಿಯಾಗೇ ಇತ್ತಲ್ಲ ಅನ್ನಿಸುತ್ತದೆ. ಆಮೇಲೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇರಲಿ’ ಎಂದು ಬರೆಯುತ್ತಾನೆ. ಹೊಡೆದದ್ದನ್ನು ಮರೆತುಬಿಡಿ, ಪದ ಹಾಗೇ ಉಳಿಯಲಿ ಎಂದು ಅದರ ಅರ್ಥ. ಅವನು ನೋಡಿ ಕೊಟ್ಟ ಹಾಳೆಯಲ್ಲಿ ತಿದ್ದುಪಡಿಗಿಂತ ‘ಇರಲಿ’ಗಳೇ ಹೆಚ್ಚು. ಇಂಥವನಿಗೆ ಉಯಿಲು ಬರೆಯುವ ಯೋಚನೆ ಬಂತು.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೋಗುವಾಗ, ಮರಳು ಚೆಲ್ಲಿದ್ದ ತಿರುವಿನಲ್ಲಿ ಜಾರಿ ಬಿದ್ದರು. ಅವನ ಮೊಣಕೈ ತರಚಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವನ ಹೆಂಡತಿಗೆ ಕಾಲು ಉಳುಕಿತು. ಆದದ್ದು ಅಷ್ಟೇ, ಆದರೆ ಹಿಂದಿನ ಲಾರಿ ಅವರ ತಲೆಯಿಂದ ಎರಡು ಮಾರು ದೂರದಲ್ಲಿ ಬ್ರೇಕ್ ಹಾಕಿ ನಿಂತಿತ್ತು. ಬಿದ್ದಲ್ಲಿಂದಲೇ ಅವಳು ಕೇಳಿದಳಂತೆ: “ರೀ, ಮಕ್ಕಳನ್ನ ಶಾಲೆಯಿಂದ ಯಾರು ಕರ್ಕೊಂಡು ಬರ್ತಾರೆ?” ಆ ದಿನಕ್ಕೇನೋ ಅವಳ ತಂಗಿಗೆ ಫೋನ್ ಮಾಡಿದ್ದಾಯಿತು. ಆದರೆ ಆ ಪ್ರಶ್ನೆ ಇವನ ತಲೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು.

ವಕೀಲರು ಒಂದು ನಮೂನೆ ಕೊಟ್ಟರು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಮರಣಶಾಸನ’ ಎಂದಿತ್ತು. ಅದನ್ನು ಓದಿದ ಹೆಂಡತಿ, “ಇದೇನ್ರೀ, ನಮ್ಮನ್ನ ಗಲ್ಲಿಗೆ ಹಾಕೋ ಹಾಗೆ ಬರ್ದಿದ್ದಾರೆ? ಈ ಕಾಗದ ಮನೇಲಿ ಇಡಬೇಡಿ” ಎಂದಳು.

“ಅಕ್ಕ, ಉಯಿಲು ಅಂತ ಮಾಡಿ, ಬೇರೆ ಟೈಪ್ ಮಾಡಿಕೊಡ್ತೀರಾ?” ಎಂದು ನನ್ನ ಹತ್ತಿರ ತಂದ.

ಒಳಗೆ ಎಲ್ಲ ಸಲೀಸು. ಎರಡು ಕೋಣೆಯ ಮನೆ, ಸ್ಕೂಟರು, ಹೊಲಿಗೆ ಯಂತ್ರ, ಅವನ ನಿಘಂಟುಗಳು. ಒಬ್ಬರು ಹೋದರೆ ಇನ್ನೊಬ್ಬರಿಗೆ, ಇಬ್ಬರೂ ಹೋದರೆ ಮಕ್ಕಳಿಗೆ. ಕೊನೆಯಲ್ಲಿ ಎರಡು ಗೆರೆ ಖಾಲಿ. ‘ಮಕ್ಕಳ ಪೋಷಕರು’ ಎಂದು ಒಂದು, ‘ಸಂಬಂಧ’ ಎಂದು ಇನ್ನೊಂದು. ತಾವಿಬ್ಬರೂ ಇಲ್ಲದಾಗ ಮಕ್ಕಳನ್ನು ಯಾರು ಸಾಕಬೇಕು ಎಂಬುದನ್ನು ಅಲ್ಲಿ ಬರೆಯಬೇಕು. ಅಲ್ಲಿಗೆ ಬಂದು ಅವನ ಪೆನ್ನು ನಿಂತಿತು.

ಸೋಮವಾರ ಬಂದು ಅಣ್ಣನ ಹೆಸರು ಹಾಕಿ ಎಂದ. ಅಣ್ಣ ದೊಡ್ಡ ಹುದ್ದೆಯಲ್ಲಿರುವವರು, ಶಿಸ್ತಿನ ಮನುಷ್ಯ, ಮಕ್ಕಳಿಲ್ಲ, ನಾಲ್ಕು ಕೋಣೆಯ ಮನೆ. ಮಂಗಳವಾರ ಬಂದು ಬೇಡ ಎಂದ. “ಇವಳು ಏನಂತಾಳೆ ಅಂದ್ರೆ, ಅಣ್ಣನ ಮನೇಲಿ ಮಕ್ಕಳು ಸೋಫಾ ಮೇಲೆ ಕೂರೋಕೂ, ಅರ್ಜಿ ಹಾಕಬೇಕಂತೆ.” ಹಾಗಾದರೆ ಹೆಂಡತಿಯ ತಂಗಿ. ಬುಧವಾರ ಅದೂ ಬೇಡವಾಯಿತು. “ಅವಳು ಒಳ್ಳೆಯವಳೇ, ಆದರೆ ಬೇಜವಾಬ್ದಾರಿ, ಅಕ್ಕ. ಒಲೆ ಮೇಲೆ ಹಾಲಿಟ್ಟು ಮರೆತು, ಪಾತ್ರೆ ಇದ್ದಿಲು ಮಾಡಿಟ್ಟಿದ್ದಾಳೆ. ನನ್ನ ಕಣ್ಣಾರೆ ನೋಡಿದೀನಿ.” ಗುರುವಾರ ಮತ್ತೆ ಅಣ್ಣ. ಮೂರು ವಾರ ಇದೇ ಆಯಿತು. ನನಗೆ ತಲೆ ಕೆಟ್ಟುಹೋಯಿತು.

ಒಂದು ದಿನ ಆ ಸಿಟ್ಟಿನಲ್ಲೇ ಕುಟ್ಟುವಾಗ ‘ಉಯಿಲು’ ಎಂಬುದರ ಮೊದಲಿಗೆ ನನ್ನ ಬೆರಳು ಒಂದು ‘ಹ’ಕಾರ ಸೇರಿಸಿತು. ಅವನು ಮೂರು ಸಲ ಓದಿ “ಸರಿಯಿದೆ” ಎಂದ. ಮಧ್ಯೆ ಬಂದ ಪ್ರೆಸ್ಸಿನ ಯಜಮಾನರು ಹಾಳೆ ಎತ್ತಿ ನೋಡಿದರು.

“ಏನಯ್ಯಾ ಅಲ್ಪವಿರಾಮ, ‘ಹುಯಿಲು’ ಅಂತಿದೆಯಲ್ಲ? ಸಾಯೋಕೆ ಮುಂಚೆನೇ ಹುಯಿಲೆಬ್ಬಿಸ್ತಿದ್ದೀಯ?”

ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವನೂ ನಕ್ಕ, ಆಮೇಲೆ ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದ. ಹನ್ನೆರಡು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಹೋದ ಮೊದಲ ತಪ್ಪು ಅದು. ನನಗೆ ನಗು ನಿಂತು ಹೆದರಿಕೆಯಾಯಿತು.

“ಅಕ್ಕ, ನೀವಾಗಿದ್ರೆ ಯಾರ ಹೆಸರು ಬರೀತಿದ್ರಿ?” ಎಂದು ಸಂಜೆ ಕೇಳಿದ.

ನನ್ನ ಮಕ್ಕಳು ಈಗ ನನ್ನ ತಲೆ ಮೀರಿ ಬೆಳೆದಿದ್ದಾರೆ. ಅವರು ಚಿಕ್ಕವರಿದ್ದಾಗ ನಾನು ಇಂಥದ್ದನ್ನೆಲ್ಲ ಯೋಚಿಸಿಯೇ ಇರಲಿಲ್ಲ. ನಾನು ಬದುಕಿಯೇ ಇರುತ್ತೇನೆ ಎಂದು ಯಾವ ಧೈರ್ಯದ ಮೇಲೆ ನಂಬಿಕೊಂಡಿದ್ದೆನೋ, ಇವತ್ತಿಗೂ ತಿಳಿಯದು. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ರೇಗಿದೆ.

“ನನ್ನನ್ನ ಯಾಕೆ ಕೇಳ್ತೀಯಪ್ಪಾ? ಆ ಎರಡು ಗೆರೆ ಖಾಲಿ ಬಿಟ್ಟೇ ಪ್ರಿಂಟ್ ಕೊಡ್ತೀನಿ. ಗಂಡ ಹೆಂಡ್ತಿ ಕೂತು ಕೈಯಲ್ಲಿ ತುಂಬ್ಕೊಂಡು ಬಾ. ಅದು ಆಗೋವರೆಗೂ ನಾನು ಇನ್ನೊಂದಕ್ಷರ ಟೈಪ್ ಮಾಡಲ್ಲ.”

ಮರುದಿನ ಬಂದವನೇ ಆ ಹಾಳೆಯನ್ನು ನನ್ನ ಮುಂದಿಟ್ಟ. ಗೆರೆಗಳು ತುಂಬಿದ್ದವು. ಪೆನ್ಸಿಲಿನಲ್ಲಿ, ದುಂಡನೆಯ ದೊಡ್ಡ ಅಕ್ಷರಗಳಲ್ಲಿ, ‘ಪೋಷಕರು’ ಎಂಬುದರ ಮುಂದೆ ‘ಅಪ್ಪ ಮತ್ತು ಅಮ್ಮ’ ಎಂದಿತ್ತು. ‘ಸಂಬಂಧ’ ಎಂಬುದರ ಮುಂದೆ ‘ಸ್ವಂತ’ ಎಂದಿತ್ತು.

“ಮೇಜಿನ ಮೇಲೆ ಬಿಟ್ಟಿದ್ದೆ ಅಕ್ಕ. ಮಗಳು, ಶಾಲೆ ಫಾರಂ ಅಂದ್ಕೊಂಡು ತುಂಬಿದಾಳೆ.”

ಶಾಲೆಯ ಪ್ರತಿ ಕಾಗದದಲ್ಲೂ ತಂದೆ ತಾಯಿಗೆ ಪೋಷಕರು ಎಂದೇ ಅಲ್ಲವೇ ಇರುವುದು. ಆ ಮಗು ತಪ್ಪೇನೂ ಬರೆದಿರಲಿಲ್ಲ.

“ನೀನೇನಂದೆ ಅವಳಿಗೆ?”

“ಪುಟ್ಟಿ, ಅಪ್ಪ ಅಮ್ಮ ಇಬ್ಬರೂ ಇಲ್ಲದಾಗ, ಯಾರು ನೋಡ್ಕೋತಾರೆ ಅಂತ ಬರೆಯೋದು ಅದು, ಅಂದೆ. ಎಲ್ಲಿಗೆ ಹೋಗ್ತೀರ ಅಂತ ಕೇಳಿದ್ಲು. ಎಲ್ಲಿಗೂ ಇಲ್ಲ, ಸುಮ್ನೆ, ಅಂದೆ. ಹಾಗಾದ್ರೆ ಚಿಕ್ಕಮ್ಮ ಬರ್ತಾರಲ್ಲ, ನೀವು ಸ್ಕೂಟರಿಂದ ಬಿದ್ದ ದಿನ ಬಂದಿದ್ರಲ್ಲ, ಅಂದ್ಲು. ಶಾಲೆ ಗೇಟಿಗೆ ಓಡಿಕೊಂಡೇ ಬಂದಿದ್ಲಂತೆ ಅಕ್ಕ, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ. ಇವರನ್ನ ಕರ್ಕೊಂಡು ಅವಳ ಮನೆಗೆ ಹೋದ್ರೆ, ಒಳಗೆಲ್ಲ ಹೊಗೆ, ಒಲೆ ಮೇಲೆ ಹಾಲಿನ ಪಾತ್ರೆ ಕರ್ರಗೆ.”

ಅಷ್ಟು ಹೇಳಿ ಕುರ್ಚಿ ಎಳೆದು ಕೂತ.

“ಅದೇ ಪಾತ್ರೆ ಅಕ್ಕ. ಅವತ್ತು ಮಕ್ಕಳನ್ನ ಕರೆಯೋಕೆ ಹೋದಾಗ ನಾನು ನೋಡಿದ್ದು. ನನ್ನ ಫೋನ್ ಬಂದ ತಕ್ಷಣ ಒಲೆ ಬಿಟ್ಟು ಓಡಿದಾಳೆ. ಅದನ್ನೇ ಹಿಡ್ಕೊಂಡು, ಬೇಜವಾಬ್ದಾರಿ, ಅಂತಿದ್ದೆ.”

ಹಾಗಂತ ಅವನ ಗೊಂದಲ ಅಲ್ಲಿಗೇ ತೀರಲಿಲ್ಲ. ಅಣ್ಣ ಬೇಜಾರು ಮಾಡಿಕೊಂಡರೆ? ಮುಂದೆ ಮಕ್ಕಳು ಯಾಕೆ ಹೀಗೆ ಬರೆದೆ ಎಂದು ಕೇಳಿದರೆ? ಕೇಳುವಾಗ ತಾನಿರುವುದಿಲ್ಲ ಎಂಬುದೂ ಅವನಿಗೆ ಮರೆತುಹೋಗಿತ್ತು. ಕೊನೆಗೆ ಅಣ್ಣನಿಗೆ ಹೇಳಿದಾಗ ಅವರು “ಸದ್ಯ” ಎಂದುಬಿಟ್ಟರಂತೆ. ಮಕ್ಕಳು ದೊಡ್ಡವರಾಗುವವರೆಗೆ ಮನೆ, ಕಾಗದಪತ್ರ ನೋಡಿಕೊಳ್ಳುವುದು ಮಾತ್ರ ತಮಗಿರಲಿ ಎಂದರಂತೆ. ನಾದಿನಿ ಫೋನಿನಲ್ಲೇ ಅತ್ತು, ಅಪಶಕುನದ ಮಾತು ಆಡುತ್ತೀರಲ್ಲ ಭಾವ ಎಂದು ಬೈದು, ಆಮೇಲೆ ಒಪ್ಪಿಕೊಂಡಳು.

ಕಡೆಯ ಪ್ರತಿಯನ್ನು ನಾನೇ ಟೈಪ್ ಮಾಡಿದೆ. ‘ಸಂಬಂಧ: ಚಿಕ್ಕಮ್ಮ.’ ಅವನು ಓದಿ ಎರಡು ಕಡೆ ಅಲ್ಪವಿರಾಮ ಹಾಕಿಸಿದ. ಸದ್ಯ, ಮನುಷ್ಯ ಸರಿಹೋದ ಅಂದುಕೊಂಡೆ. ಯಜಮಾನರೂ ನಾನೂ ಸಾಕ್ಷಿ ಹಾಕಿದೆವು.

ಹಳೆಯ ಪ್ರತಿಗಳನ್ನೆಲ್ಲ ರದ್ದು ಮಾಡಿ ಎಂದು ವಕೀಲರು ಹೇಳಿದ್ದರು. ಒಂದೊಂದನ್ನೇ ಹರಿದು ಬುಟ್ಟಿಗೆ ಹಾಕುತ್ತ ಬಂದವನ ಕೈಗೆ ಕೊನೆಗೆ ಪೆನ್ಸಿಲಿನ ಹಾಳೆ ಸಿಕ್ಕಿತು. ಅದನ್ನು ಹರಿಯಲಿಲ್ಲ. ಕೆಂಪು ಪೆನ್ನು ತೆಗೆದು ಮಗಳ ಅಕ್ಷರದ ಮೇಲೆ ಅಡ್ಡಗೆರೆ ಎಳೆದ. ಎಳೆದದ್ದನ್ನು ನೋಡುತ್ತ ಕೂತ. ಆಮೇಲೆ ಕೆಳಗೆ ಸಾಲಾಗಿ ಚುಕ್ಕಿ ಇಟ್ಟ, ಅಂಚಿನಲ್ಲಿ ಬರೆದ, ಹಾಳೆಯನ್ನು ನನ್ನ ಕಡೆ ತಿರುಗಿಸಿದ.

“ಇದು ಸರಿನಾ ಅಕ್ಕ?”

ನಾನು ಗೆರೆಯನ್ನೂ ಅಂಚನ್ನೂ ಸೇರಿಸಿ ಓದಿದೆ. ಅಪ್ಪ ಮತ್ತು ಅಮ್ಮ ಇರಲಿ.

“ಸರಿಯಿದೆ” ಎಂದೆ.